ಎಂಜಿನ್ನಿನ ಶ್ರುತಿ

ಇಂಗ್ಲಿಷಿನಲ್ಲಿ ವೀಣೆಯ ತಂತಿಯನ್ನು ಹದಕ್ಕೆ ತರುವುದಕ್ಕೂ ಮೋಟಾರಿನ ಎಂಜಿನ್ನನ್ನು ಹದಕ್ಕೆ ತರುವುದಕ್ಕೂ ಒಂದೇ ಮಾತು: ‘ಟ್ಯೂನ್’ ಮಾಡುವುದು. ಬೇರೆ ಊರಿನವರಿಗೆ ಇದು ಶಬ್ದಕೋಶದ ಒಂದು ಸ್ವಾರಸ್ಯವಾಗಿ ಮಾತ್ರ ತೋರಬಹುದು. ಮೈಸೂರಿನವರಿಗೆ ಹಾಗಲ್ಲ, ಈ ಎರಡು ವಿದ್ಯೆಗಳೂ ನಮ್ಮ ಊರಿನಲ್ಲಿ ಬಾಳಿದವು. ವೀಣೆ ಶೇಷಣ್ಣನವರು (1852–1926) ಆಸ್ಥಾನ ವಿದ್ವಾಂಸರಾಗಿ ಮೆರೆದ ಊರಿನಲ್ಲಿಯೇ, 1961ರಲ್ಲಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಜೆಕೊಸ್ಲೊವಾಕಿಯದ ಮೋಟಾರ್ ಸೈಕಲ್ಲು ಇಲ್ಲಿ ಮೈಸೂರಿನದಾಯಿತು. 1973ರಿಂದ ಅದು ‘ಯೆಜ್ಡಿ’ ಎಂಬ ಹೆಸರನ್ನು ಹೊತ್ತಿತು. 1996ರಲ್ಲಿ ತಯಾರಿಕೆ ನಿಂತಿತು. ಕಾರ್ಖಾನೆ ಹೋದರೂ ಅದು ಊರಿಗೆ ಕೊಟ್ಟ ಕಿವಿ ಹೋಗಲಿಲ್ಲ.

ಕಿವಿ ಎಂದದ್ದು ಅಲಂಕಾರಕ್ಕಲ್ಲ. ಜಾವಾ ಗಾಡಿಯನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಗಳ ಕೆಲಸವನ್ನು ನಾನು ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಪಾಯಿಂಟುಗಳ ನಡುವೆ ಸಿಗರೇಟಿನ ತೆಳುಕಾಗದದ ಒಂದು ಚೂರನ್ನು ಸಿಕ್ಕಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಿ, ಕಾಗದವು ಸಡಿಲವಾಗಿ ಬೆರಳಿಗೆ ಬರುವ ಆ ಒಂದು ಗಳಿಗೆಯನ್ನು ಹಿಡಿಯುತ್ತಿದ್ದರು. ಪಿಸ್ಟನ್ನು ಮೇಲ್ತುದಿಯನ್ನು ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರು ಮೊದಲು ಕಿಡಿ ಹಾರಬೇಕು. ಹೆಚ್ಚು ಮೊದಲಾದರೆ ಎಂಜಿನ್ನು ಕಟಕಟನೆ ಬಡಿದುಕೊಳ್ಳುತ್ತದೆ, ತಡವಾದರೆ ಸೋಮಾರಿಯಾಗುತ್ತದೆ. ಗೇಜು ಹೇಳಿದ್ದನ್ನು ಕೇಳಿ, ಗಾಡಿ ಶುರುಮಾಡಿ, ಕೊನೆಯ ತೀರ್ಪನ್ನು ಅವರು ಕಿವಿಗೆ ಬಿಡುತ್ತಿದ್ದರು. ಕೇಳುವ ಕಿವಿಯೂ ತಿರುಪು ತಿರುಗಿಸುವ ಕೈಯೂ ಒಬ್ಬನೇ ಮನುಷ್ಯನವಾಗಿದ್ದವು. ಈ ಲೇಖನದ ಮುಖ್ಯ ವಿಚಾರ ಇಷ್ಟೇ: ಇಂದು ಆ ಕಿವಿ ಮತ್ತು ಕೈ ಬೇರೆಬೇರೆಯಾಗಿವೆ, ಅಂಗಡಿಯಲ್ಲಿ ಕೈಯನ್ನು ಮಾರುವವರು ಬಹಳ, ಕಿವಿಯನ್ನು ಕೊಳ್ಳುವವರು ವಿರಳ.

ನನ್ನ ತಂಗಿಯ ಮಗನೊಬ್ಬ ಹೆಬ್ಬಾಳದ ಕಡೆಯ ಒಂದು ಕಂಪ್ಯೂಟರ್ ಸಂಸ್ಥೆಯಲ್ಲಿ ಉದ್ಯೋಗಿ. ಅವನ ಹೆಂಡತಿ ಕುನ್ನೂರಿನ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ಮಗು ತಾಯಿಯ ಜೊತೆಗಿದೆ. ಶನಿವಾರ ಬಂತೆಂದರೆ ಇವನು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ನೀಲಗಿರಿಯನ್ನು ಹತ್ತುತ್ತಾನೆ. ಭಾನುವಾರ ಸಂಜೆಗೆ ಇಳಿಯುತ್ತಾನೆ. ಕಾರು ಚಿಕ್ಕದು: ಒಂದು ಲೀಟರಿನ, ಮೂರು ಸಿಲಿಂಡರಿನ, ಟರ್ಬೊ ಇರುವ ಪೆಟ್ರೋಲು ಕಾರು, ಬ್ಯಾಂಕಿನ ಸಾಲ ಇನ್ನೂ ತೀರಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದವನೆಂಬ ಒಂದೇ ಅರ್ಹತೆಯಿಂದ ಅವನು ನನ್ನ ಸಲಹೆ ಕೇಳಲು ಬಂದ. “ಮಾವ, ಬೆಟ್ಟ ಹತ್ತುವಾಗ ಗಾಡಿ ಮೊದಲಿನ ಹಾಗೆ ಎಳೆಯುತ್ತಿಲ್ಲ. ಟ್ಯೂನಿಂಗಿಗೆ ಮೂರು ಬಗೆಯ ಎಲೆಕ್ಟ್ರಾನಿಕ್ಸ್ ಇದೆಯಂತೆ. ಯಾವುದನ್ನು ಹಾಕಿಸಲಿ, ನೀವೇ ಹೇಳಿ” ಎಂದ. ಇಪ್ಪತ್ತು ಮೂವತ್ತು ಅಶ್ವಶಕ್ತಿಯನ್ನು ಒಂದು ಮಧ್ಯಾಹ್ನದಲ್ಲಿ ಕೊಡುವೆವೆಂದು ಹೇಳುವ ಜಾಹೀರಾತುಗಳನ್ನೂ ತೋರಿಸಿದ.

ಪ್ರಶ್ನೆ ಸಣ್ಣದಲ್ಲ. ಅದನ್ನು ತೀರ್ಮಾನಿಸಬೇಕಾದರೆ ಟರ್ಬೊ ಎಂದರೇನೆಂಬುದನ್ನು ಮೊದಲು ನೋಡಬೇಕು.

ಎಂಜಿನ್ನಿನ ಹೊಗೆ ಹೊರಗೆ ಹೋಗುವಾಗ ಬಹಳ ಬಿಸಿಯಾಗಿರುತ್ತದೆ, ಬಹಳ ವೇಗವಾಗಿರುತ್ತದೆ. ಆ ಶಕ್ತಿಯನ್ನು ಬೀದಿಗೆ ಚೆಲ್ಲುವುದರ ಬದಲು ಅದರಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಇಂದಿನ ಸಣ್ಣ ಕಾರುಗಳಲ್ಲಿ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಗಿಲಾದ ಸುತ್ತು ತಿರುಗುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಇಂಧನವನ್ನು ಉರಿಸಬಹುದು. ಒಂದು ಲೀಟರಿನ ಎಂಜಿನ್ನು ಒಂದೂವರೆ ಲೀಟರಿನದರ ಕೆಲಸವನ್ನು ಮಾಡುತ್ತದೆ.

ಆದರೆ ಪ್ರಕೃತಿ ಯಾವ ವರವನ್ನೂ ಷರತ್ತಿಲ್ಲದೆ ಕೊಡುವುದಿಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ, ದಟ್ಟವಾದ ಮಿಶ್ರಣಕ್ಕೆ ಕಿಡಿ ತಾಗಿದಾಗ ಜ್ವಾಲೆ ಒಂದು ಕಡೆಯಿಂದ ಕ್ರಮವಾಗಿ ಹರಡಬೇಕು. ಹಾಗಾಗದೆ, ಜ್ವಾಲೆ ಇನ್ನೂ ಮುಟ್ಟದ ಮೂಲೆಯ ಅನಿಲ ತಾನಾಗಿಯೇ ಸಿಡಿದರೆ ಅದಕ್ಕೆ ‘ನಾಕ್’ ಎಂದು ಹೆಸರು. ಸೆಕೆಂಡಿಗೆ ಆರೇಳು ಸಾವಿರ ಕಂಪನದ ಒಂದು ಲೋಹದ ಬಡಿತ ಆಗ ಹುಟ್ಟುತ್ತದೆ. ಜಾವಾದ ಮೇಸ್ತ್ರಿ ಕಿವಿಗೊಟ್ಟು ಕೇಳುತ್ತಿದ್ದದ್ದು ಈ ಬಡಿತವನ್ನೇ. ಬಿಟ್ಟರೆ ಅದು ಪಿಸ್ಟನ್ನಿನ ಅಂಚನ್ನು ಗೆದ್ದಲಿನಂತೆ ತಿನ್ನುತ್ತದೆ.

ಟರ್ಬೊ ಕಾರಿನ ಚರಿತ್ರೆಯೆಲ್ಲ ಈ ಬಡಿತದೊಡನೆ ನಡೆದ ಹೋರಾಟವೇ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಂತು. ನಾಕ್ ತಡೆಯಲೆಂದು ಅದಕ್ಕೆ ನೀರು ಮತ್ತು ಮೆಥನಾಲ್ ಬೆರೆತ ಒಂದು ದ್ರವವನ್ನು ಪ್ರತ್ಯೇಕ ತೊಟ್ಟಿಯಲ್ಲಿ ತುಂಬಬೇಕಾಗಿತ್ತು. ಕೊಂಡವರಲ್ಲಿ ಅನೇಕರು ತುಂಬುವುದನ್ನು ಮರೆತರು. ಎರಡೇ ವರ್ಷಕ್ಕೆ ಆ ಕಾರಿನ ತಯಾರಿಕೆ ಮುಗಿಯಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಬೇರೊಂದು ದಾರಿ ಹಿಡಿಯಿತು. ಎಂಜಿನ್ನಿನ ಮೈಗೆ ಬಡಿತವನ್ನು ಆಲಿಸುವ ಒಂದು ಸಂವೇದಕವನ್ನು ತಿರುಪಿನಿಂದ ಬಿಗಿದು, ಬಡಿತ ಕೇಳಿಸಿದೊಡನೆ ಟರ್ಬೊದ ಒತ್ತಡವನ್ನು ಇಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಜೋಡಿಸಿತು. ಟರ್ಬೊ ಕಾರು ಜನಸಾಮಾನ್ಯರ ವಾಹನವಾದದ್ದು ಈ ಬಗೆಯ ಯಾಂತ್ರಿಕ ಕಿವಿ ಬಂದ ಮೇಲೆ.

ನಮ್ಮ ಊರಿನವರಿಗೂ ಈ ಹೋರಾಟದಲ್ಲಿ ಪಾಲಿದೆ. ಮೈಸೂರಿನ ಸೋಮೇಂದ್ರ ಸಿಂಗ್ ಅವರು ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಸಣ್ಣ ಕಾಲುವೆಗಳನ್ನು ಕೊರೆದು, ಮಿಶ್ರಣದ ಸುಳಿದಾಟವನ್ನು ಹೆಚ್ಚಿಸಿ, ದಹನವನ್ನು ಸುಧಾರಿಸುವ ಉಪಾಯಕ್ಕೆ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದರ ಫಲದ ಪ್ರಮಾಣವನ್ನು ತಜ್ಞರು ಚರ್ಚಿಸಲಿ. ಎಲೆಕ್ಟ್ರಾನಿಕ್ಸ್ ಏನು ಆಜ್ಞೆ ಮಾಡಿದರೂ ಕೊನೆಗೆ ಉರಿಯುವುದು ಆ ಬೊಗಸೆಯಷ್ಟು ಜಾಗದಲ್ಲಿ ಎಂಬುದನ್ನು ನೆನಪಿಡುವುದಕ್ಕೆ ಈ ನಿದರ್ಶನ ಸಾಕು.

ಇನ್ನು ನನ್ನ ಸೋದರಳಿಯನ ಮೂರು ಬಗೆಗಳನ್ನು ನೋಡೋಣ.

ಇಂದಿನ ಕಾರಿನಲ್ಲಿ ಇ.ಸಿ.ಯು. ಎಂಬ ಒಂದು ಪೆಟ್ಟಿಗೆಯಿದೆ. ಗಾಳಿಯ ಒತ್ತಡ, ಅದರ ಉಷ್ಣತೆ, ಎಂಜಿನ್ನಿನ ವೇಗ, ಹೊಗೆಯಲ್ಲಿ ಉಳಿದ ಆಮ್ಲಜನಕ, ನಾಕ್ ಸಂವೇದಕದ ವರದಿ, ಇವೆಲ್ಲವೂ ಕ್ಷಣಕ್ಷಣಕ್ಕೂ ಅದಕ್ಕೆ ಬಂದು ಸೇರುತ್ತವೆ. ಅದರೊಳಗೆ ಹಳೆಯ ಪಂಚಾಂಗದಂತೆ ಸಾಲು ಸಾಲಾಗಿ ಕೋಷ್ಟಕಗಳಿವೆ: ಇಷ್ಟು ವೇಗ, ಇಷ್ಟು ಒತ್ತಡ ಇದ್ದಾಗ ಇಷ್ಟು ಇಂಧನ, ಇಷ್ಟು ಡಿಗ್ರಿ ಮೊದಲು ಕಿಡಿ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದು ಡಿಗ್ರಿ ಎಂದರೆ ಸೆಕೆಂಡಿನ 18,000ದಲ್ಲಿ ಒಂದು ಪಾಲು. ಯಾವ ಮೇಸ್ತ್ರಿಯ ಕೈಗೂ ಈ ವೇಗ ನಿಲುಕದು. ಆದ್ದರಿಂದ ಕೈಯ ಕೆಲಸ ಪೆಟ್ಟಿಗೆಗೆ ಹೋದದ್ದು ನ್ಯಾಯವೇ ಆಗಿದೆ.

ಮೊದಲನೆಯ ಬಗೆ, ಈ ಕೋಷ್ಟಕಗಳನ್ನೇ ತಿದ್ದಿ ಬರೆಯುವುದು. ಇದಕ್ಕೆ ‘ರೀಮ್ಯಾಪ್’ ಎನ್ನುತ್ತಾರೆ. ಪೆಟ್ಟಿಗೆ ಹಳೆಯದೇ, ಕಿವಿಗಳೂ ಹಳೆಯವೇ; ಆಜ್ಞೆಗಳು ಮಾತ್ರ ಹೊಸವು. ಎರಡನೆಯ ಬಗೆ ‘ಪಿಗ್ಗಿಬ್ಯಾಕ್’. ಇದು ಸಂವೇದಕಕ್ಕೂ ಇ.ಸಿ.ಯು.ಗೂ ನಡುವೆ ಸಿಕ್ಕಿಸುವ ಅಂಗೈಯಗಲದ ಡಬ್ಬಿ. ಮೂರನೆಯದು, ಕಾರಿನ ಪೆಟ್ಟಿಗೆಯನ್ನೇ ತೆಗೆದುಹಾಕಿ ಸರ್ವಸ್ವತಂತ್ರವಾದ ಬೇರೊಂದನ್ನು ಕೂರಿಸುವುದು, ಇದು ‘ಸ್ಟ್ಯಾಂಡಲೋನ್’.

ಮೂರನೆಯದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಪಂದ್ಯದ ಕಾರಿಗೆ ಅದು ಯುಕ್ತ. ಸಂಸಾರದ ಕಾರಿನಲ್ಲಿಯಾದರೋ ಚಳಿಯ ಮುಂಜಾನೆ ಗಾಡಿ ಶುರುವಾಗುವುದರಿಂದ ಹಿಡಿದು ತಂಪುಯಂತ್ರ ಹಾಕಿದಾಗ ಎಂಜಿನ್ನು ನಿಲ್ಲದಿರುವವರೆಗೆ ನೂರು ಸಣ್ಣ ಏರ್ಪಾಟುಗಳನ್ನು ಹೊಸದಾಗಿ ಕಲಿಸಬೇಕು. ತಯಾರಕರು ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಒಬ್ಬನೇ ಮಾಡಿದಂತೆ.

ಜನರನ್ನು ಸೆಳೆಯುವುದು ಎರಡನೆಯದು. ಬೆಲೆ ಕಡಮೆ, ಹತ್ತು ನಿಮಿಷದ ಕೆಲಸ, ಬೇಡವೆಂದಾಗ ಕಿತ್ತುಬಿಡಬಹುದು. ಅದರ ಗುಟ್ಟೇನು? ಅಗ್ಗದ ಡಬ್ಬಿಗಳಲ್ಲಿ ಅನೇಕವು ಸುಳ್ಳು ಸಾಕ್ಷಿ ಹೇಳುತ್ತವೆ. ಒತ್ತಡದ ಸಂವೇದಕ ‘180’ ಎಂದರೆ ಡಬ್ಬಿ ಅದನ್ನು ‘160’ ಎಂದು ಬದಲಿಸಿ ಇ.ಸಿ.ಯು.ಗೆ ಮುಟ್ಟಿಸುತ್ತದೆ. ‘ಒತ್ತಡ ಸಾಲದು’ ಎಂದು ನಂಬಿದ ಇ.ಸಿ.ಯು. ಟರ್ಬೊವನ್ನು ಇನ್ನಷ್ಟು ದುಡಿಸುತ್ತದೆ. ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ಮನೆಯ ಯಜಮಾನನಿಗೆ ಸುಳ್ಳು ಲೆಕ್ಕ ತೋರಿಸಿ ಹೆಚ್ಚು ಖರ್ಚು ಮಾಡಿಸಿದಂತೆ. ಪರಿಣಾಮ ಗೊತ್ತಾಗುವುದು ಕಷ್ಟದ ಕಾಲ ಬಂದಾಗ.

ಮೈಸೂರಿನಿಂದ ಊಟಿಗೆ ಹೋಗುವ ದಾರಿ ಅಂತಹ ಕಷ್ಟದ ಕಾಲ. ಸಮುದ್ರತೀರದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೊಪ್ಯಾಸ್ಕಲ್. ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಅದು 92ರಷ್ಟು. 2,240 ಮೀಟರ್ ಎತ್ತರದ ಊಟಿಯಲ್ಲಿ ಹೆಚ್ಚುಕಡಮೆ 77. ಸಿಲಿಂಡರಿಗೆ 180ರ ಒತ್ತಡದ ಗಾಳಿ ಬೇಕೆಂದುಕೊಳ್ಳಿ. ಮೈಸೂರಿನಲ್ಲಿ ಟರ್ಬೊ ಹೊರಗಿನ ಗಾಳಿಯನ್ನು ಎರಡು ಪಟ್ಟಿಗೆ ತುಸು ಕಡಮೆ ಒತ್ತಿದರೆ ಸಾಕು. ಊಟಿಯಲ್ಲಿ ಎರಡೂಕಾಲು ಪಟ್ಟಿಗೂ ಹೆಚ್ಚು ಒತ್ತಬೇಕು. ಅದೇ ಕೆಲಸಕ್ಕೆ ಚಕ್ರ ಇನ್ನೂ ವೇಗವಾಗಿ ತಿರುಗಬೇಕು, ಗಾಳಿ ಇನ್ನೂ ಬಿಸಿಯಾಗಬೇಕು. ತಯಾರಕರ ಕೋಷ್ಟಕದಲ್ಲಿ ಇದಕ್ಕೆ ಏರ್ಪಾಟಿರುತ್ತದೆ: ಎತ್ತರ ಹೆಚ್ಚಿದಂತೆ ಇ.ಸಿ.ಯು. ತನ್ನ ಆಸೆಯನ್ನು ತಾನೇ ಇಳಿಸಿಕೊಂಡು ಟರ್ಬೊವನ್ನು ಕಾಪಾಡುತ್ತದೆ. ಆದರೆ ಒತ್ತಡದ ಸಾಕ್ಷಿಯೇ ಸುಳ್ಳಾದಾಗ ಆ ವಿವೇಕಕ್ಕೆ ಆಧಾರವೆಲ್ಲಿ? ಬಯಲಿನಲ್ಲಿ ಹಾನಿಯಿಲ್ಲದ ಸುಳ್ಳು ಬೆಟ್ಟದಲ್ಲಿ ಅಪಾಯವಾಗುತ್ತದೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ನನ್ನ ಪರಿಚಿತರೊಬ್ಬರು ಇಂತಹ ಡಬ್ಬಿಯೊಂದನ್ನು ಹಾಕಿಸಿಕೊಂಡು ಆರು ತಿಂಗಳು ಊರೆಲ್ಲ ಹೊಗಳಿದರು. ಒಂದು ಬೇಸಗೆಯಲ್ಲಿ, ತುಂಬಿದ ಕಾರಿನಲ್ಲಿ ಘಟ್ಟವೇರುವಾಗ ಎಂಜಿನ್ನು ನಡುಗತೊಡಗಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ಅಂಚು ಇಲಿ ಕಡಿದ ರೊಟ್ಟಿಯಂತಾಗಿತ್ತು. ಖಾತರಿಯ ಮಾತೆತ್ತಿದಾಗ ತಂತಿಗಳನ್ನು ಕತ್ತರಿಸಿದ ಗುರುತನ್ನು ತೋರಿಸಿದರು. ಅವರ ವರ್ಷದ ಉಳಿತಾಯ ಎಂಜಿನ್ನಿಗೆ ಹೋಯಿತು.

ಹಾಗಾದರೆ ಮೊದಲನೆಯದಾದ ರೀಮ್ಯಾಪ್ ನಿರ್ದೋಷವೆ? ಮೂರರಲ್ಲಿ ಅದು ಹೆಚ್ಚು ಪ್ರಾಮಾಣಿಕವೆಂಬುದನ್ನು ಒಪ್ಪುತ್ತೇನೆ. ಅಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಆದರೆ ಎಲ್ಲವೂ ಬರೆಯುವವನ ಮೇಲೆ ನಿಂತಿದೆ. ಬೇರಾವುದೋ ದೇಶದ ಪೆಟ್ರೋಲಿಗೆ, ಬೇರಾವುದೋ ಹವೆಗೆ ಬರೆದ ಕೋಷ್ಟಕವನ್ನು ತಂದು ತುಂಬಿದರೆ, ಕಾಶಿಯ ಪಂಚಾಂಗ ನೋಡಿ ಮೈಸೂರಿನ ಸೂರ್ಯೋದಯವನ್ನು ಹೇಳಿದಂತಾಗುತ್ತದೆ. ನಮ್ಮ ಪೆಟ್ರೋಲೇ ಈಚೆಗೆ ಬದಲಾಗಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಏರಿತು. ಬರಿಯ ಪೆಟ್ರೋಲಿನ ಒಂದು ಪಾಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನವನ್ನು ಚಿಮ್ಮಿಸಬೇಕು. ಎಥನಾಲು ನಾಕನ್ನು ತಡೆಯುವ ಗುಣವುಳ್ಳದ್ದೆಂಬುದೂ ನಿಜ. ಆದರೆ ಇಂಧನ ಸಾಲದೆ ಹೋದರೆ ಆ ಗುಣವೂ ಕಾಪಾಡದು. ಇನ್ನು 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ 100 ಆಕ್ಟೇನಿನ ಪೆಟ್ರೋಲನ್ನು ಮಾರಲು ತೊಡಗಿತು. ಅದನ್ನು ನೆಚ್ಚಿ ಬರೆದ ಕೋಷ್ಟಕದ ಕಾರು ಕಾಡಿನಂಚಿನ ಪುಟ್ಟ ಬಂಕಿನಲ್ಲಿ ಸಾಧಾರಣ ಪೆಟ್ರೋಲು ಕುಡಿಯಬೇಕಾಗಿ ಬಂದರೆ ಗತಿಯೇನು? ಆಗ ಕಾಯುವುದು ನಾಕ್ ಸಂವೇದಕವೊಂದೇ. ಕೆಲವು ಬರಹಗಾರರು ಹೆಚ್ಚು ಶಕ್ತಿಯ ಆಸೆಗೆ ಆ ಸಂವೇದಕದ ಚುರುಕನ್ನೂ ಕುಗ್ಗಿಸಿಬಿಡುತ್ತಾರೆ. ಅದು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ.

ಕಾನೂನಿನ ಮಾತನ್ನೂ ಹೇಳಬೇಕು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ಕಟ್ಟುಪಾಡು ಹೊಸ ಕಾರುಗಳಿಗೆ ಅನ್ವಯಿಸುತ್ತಿದೆ. ಕೋಷ್ಟಕ ತಿದ್ದಿದಾಗ ಬದಲಾಗುವುದು ಶಕ್ತಿ ಮಾತ್ರವಲ್ಲ, ಹೊಗೆಯೂ ಹೌದು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಬೀದಿಯ ಕಾರಿಗೆ ಕೈ ಹಾಕುವವರು ಇದನ್ನು ತಿಳಿದೇ ಹಾಕಬೇಕು. ಅದೂ ಅಲ್ಲದೆ, ಆ ಶಕ್ತಿಯನ್ನು ಖರ್ಚು ಮಾಡುವುದೆಲ್ಲಿ? 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೊಮೀಟರಿನ ಮಿತಿಯಿದೆ, ಮಿತಿ ಮೀರಿದವರನ್ನು ಹಿಡಿಯಲು ಕ್ಯಾಮೆರಾಗಳಿವೆ. ಬಂಡೀಪುರದಲ್ಲಿ ಆನೆ ದಾಟುವವರೆಗೆ ಕಾಯಬೇಕು. ಅದು ಯಾರ ಅಶ್ವಶಕ್ತಿಗೂ ಬೆಲೆ ಕೊಡುವ ಪ್ರಾಣಿಯಲ್ಲ.

ಇಷ್ಟನ್ನೂ ಹೇಳಿ ನಾನು ಸೋದರಳಿಯನಿಗೆ ಮೂರರಲ್ಲಿ ಯಾವುದನ್ನೂ ಸೂಚಿಸಲಿಲ್ಲ. “ಆಜ್ಞೆ ಮಾಡುವ ಪೆಟ್ಟಿಗೆ ಆಮೇಲೆ ಇರಲಪ್ಪ. ಮೊದಲು ಕೇಳುವ ಯಂತ್ರವನ್ನು ತೆಗೆದುಕೋ” ಎಂದೆ. ಸ್ಟಿಯರಿಂಗಿನ ಕೆಳಗೆ ಪರೀಕ್ಷೆಗಾಗಿ ಇಟ್ಟಿರುವ ಕಿಂಡಿಯೊಂದುಂಟು. ಅದಕ್ಕೆ ಸಿಕ್ಕಿಸುವ ಒಂದು ಸಣ್ಣ ಉಪಕರಣ ಇ.ಸಿ.ಯು.ಗೆ ಬರುವ ವರದಿಗಳನ್ನೆಲ್ಲ ಬರೆದಿಡುತ್ತದೆ, ಯಾವುದನ್ನೂ ಬದಲಿಸುವುದಿಲ್ಲ. ನಾಲ್ಕು ಶನಿವಾರ ಅವನು ಅದನ್ನು ಹಾಕಿಕೊಂಡು ಬೆಟ್ಟ ಹತ್ತಿದ. ಭಾನುವಾರ ರಾತ್ರಿ ಇಬ್ಬರೂ ಕುಳಿತು ಅಂಕಿಗಳನ್ನು ಓದಿದೆವು. ಮಸಿನಗುಡಿಯಿಂದ ಮೇಲೇರುವ ಕಲ್ಹಟ್ಟಿಯ 36 ತಿರುವುಗಳ ದಾರಿಯಲ್ಲಿ, ಕಾರಿನ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆಂಬುದು ರೋಗಿಯ ನಾಡಿಯಂತೆ ಗೋಚರವಾಯಿತು. ಒಳಗೆ ಹೋಗುವ ಗಾಳಿ ಇರಬೇಕಾದದ್ದಕ್ಕಿಂತ ಬಹಳ ಬಿಸಿಯಾಗಿತ್ತು. ಕೇಳಿದಷ್ಟು ಒತ್ತಡ ಸಿಗದೆ ಟರ್ಬೊ ಮಿತಿಮೀರಿ ದುಡಿಯುತ್ತಿತ್ತು. ಇ.ಸಿ.ಯು. ಬಡಿತವನ್ನು ಕೇಳಿ ಕಿಡಿಯನ್ನು ಮೂರು ನಾಲ್ಕು ಡಿಗ್ರಿ ಹಿಂದಕ್ಕೆ ತಳ್ಳುತ್ತಿತ್ತು. ಕಾರು ಎಳೆಯದಿದ್ದುದು ಶಕ್ತಿಯ ದಾರಿದ್ರ್ಯದಿಂದಲ್ಲ. ಎಂಜಿನ್ನು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದ್ದುದರಿಂದ.

ಅಂಕಿಗಳನ್ನು ಒಬ್ಬ ಹಳೆಯ ಮೇಸ್ತ್ರಿಗೆ ತೋರಿಸಿದೆವು. ಅವರು ಅಂಕಿಗಳ ಕಡೆ ಅರೆಗಣ್ಣು ಹಾಕಿ, ಬಾನೆಟ್ ತೆಗೆದು, ಸಾಬೂನಿನ ನೀರು ಹಚ್ಚಿ, ಟರ್ಬೊದಿಂದ ಎಂಜಿನ್ನಿಗೆ ಬರುವ ರಬ್ಬರು ಕೊಳವೆಯ ಕಟ್ಟಿನ ಬಳಿ ಗುಳ್ಳೆ ಏಳುವುದನ್ನು ತೋರಿಸಿದರು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರೆಕ್ಕೆಗಳಲ್ಲಿ ಕೆಸರೂ ತರಗೆಲೆಯೂ ಸೇರಿದ್ದವು. ಪ್ಲಗ್ಗುಗಳ ಕಾಲ ಮುಗಿದಿತ್ತು. ಕೊಳವೆ ಬದಲಾಯಿತು, ರೆಕ್ಕೆಗಳು ತೊಳೆಯಲ್ಪಟ್ಟವು, ಹೊಸ ಪ್ಲಗ್ಗುಗಳು ಬಂದವು. ಮುಂದಿನ ಶನಿವಾರ ಅದೇ ತಿರುವುಗಳಲ್ಲಿ ಒಳಗಾಳಿಯ ಉಷ್ಣತೆ ಹನ್ನೆರಡು ಡಿಗ್ರಿ ಇಳಿದಿತ್ತು. ಕಿಡಿ ತನ್ನ ಸ್ಥಾನಕ್ಕೆ ಮರಳಿತ್ತು. ಡಬ್ಬಿಯೊಂದನ್ನು ಆಗಲೇ ಹಾಕಿಸಿದ್ದರೆ ಏನಾಗುತ್ತಿತ್ತು? ಸೋರುವ ಕೊಳವೆಗೆ ಇನ್ನಷ್ಟು ಗಾಳಿಯನ್ನೂ ಬಳಲಿದ ಎಂಜಿನ್ನಿಗೆ ಇನ್ನಷ್ಟು ಭಾರವನ್ನೂ ಹೇರಿ, ಹೆಂಡತಿ ಮಗುವನ್ನು ಕೂರಿಸಿಕೊಂಡು ಅವನು ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದ.

ಸೋದರಳಿಯ ಸುಲಭವಾಗಿ ಒಪ್ಪುವವನಲ್ಲ. “ಹಾಗಾದರೆ ಟ್ಯೂನಿಂಗೇ ಕೂಡದು ಎನ್ನುತ್ತೀರಾ, ಮಾವ?” ಎಂದು ಕೇಳಿದ. ಹಾಗೆಂದು ನನ್ನ ಮತವಲ್ಲ. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ವರ್ಷಗಳು ಕಳೆದಂತೆ ಮೇಣ ಸಡಿಲವಾಗುತ್ತದೆ, ಸ್ವರ ಜಾರುತ್ತದೆ. ಆಗ ಮೇಳವನ್ನು ಹೊಸದಾಗಿ ಕಟ್ಟಿಸಲೇಬೇಕು. ಆದರೆ ವೈಣಿಕ ಆ ಕೆಲಸವನ್ನು ಯಾರಿಗೆ ಒಪ್ಪಿಸುತ್ತಾನೆ? ಒಂದೊಂದು ಮೆಟ್ಟಿಲನ್ನೂ ಮೀಟಿ, ಕೇಳಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟುವವನಿಗೆ. ಅಳತೆಕೋಲಿನ ಪ್ರಕಾರ ಒಂದೇ ಏಟಿಗೆ ಇಪ್ಪತ್ತನಾಲ್ಕನ್ನೂ ಅಂಟಿಸುವವನಿಗಲ್ಲ. ಕೋಷ್ಟಕ ತಿದ್ದುವವನನ್ನು ಕೇಳಬೇಕಾದ ಪ್ರಶ್ನೆಗಳೂ ಇಂತಹವೇ. ನನ್ನ ಕಾರು ಮೊದಲು ಆರೋಗ್ಯವಾಗಿದೆಯೇ ಎಂದು ಪರೀಕ್ಷಿಸುವೆಯಾ? ಮೂಲ ಕೋಷ್ಟಕದ ಪ್ರತಿಯೊಂದನ್ನು ನನಗೆ ಕೊಡುವೆಯಾ? ನಾನು ಹಾಕಿಸುವ ಪೆಟ್ರೋಲಿನಲ್ಲಿ, ನಾನು ಹೋಗುವ ದಾರಿಯಲ್ಲಿ ಓಡಿಸಿ, ಅಂಕಿ ನೋಡಿ ತಿದ್ದುವೆಯಾ? ನಾಕ್ ಸಂವೇದಕವನ್ನು ಮುಟ್ಟದೆ ಬಿಡುವೆಯಾ? ಕಾನೂನಿಗೆ ಇದು ಒಪ್ಪುತ್ತದೆಯೇ? ಈ ಐದಕ್ಕೂ ನೆಟ್ಟಗೆ ಉತ್ತರ ಕೊಡುವವನು ಸಿಕ್ಕಿದರೆ ಅವನ ಕೈಗೆ ಕಾರನ್ನು ಒಪ್ಪಿಸುವ ವಿಚಾರ ಮಾಡಬಹುದು. ಅಶ್ವಶಕ್ತಿಯ ಸಂಖ್ಯೆಯಿಂದಲೇ ಮಾತು ಶುರುಮಾಡುವವನಾದರೆ ನಮಸ್ಕಾರ ಹೇಳಿ ಹೊರಡುವುದು ಲೇಸು.

ವಾಚಕರಲ್ಲಿ ಟರ್ಬೊ ಕಾರಿಲ್ಲದವರೇ ಹೆಚ್ಚಾಗಿರಬಹುದು. ಮೇಷ್ಟರಿಗೂ ವಿದ್ಯಾರ್ಥಿಗೂ ಈ ಗೋಜೇಕೆ ಎಂದು ಅವರಿಗೆ ತೋರಿದರೆ ಸಹಜ. ಆದರೆ ನಮ್ಮ ಬದುಕಿನಲ್ಲಿ ಆಜ್ಞೆ ಮಾಡುವ ಪೆಟ್ಟಿಗೆಗಳು ದಿನದಿನಕ್ಕೂ ಹೆಚ್ಚುತ್ತಿವೆ, ಅಗ್ಗವಾಗುತ್ತಿವೆ. ಅವುಗಳಲ್ಲಿ ಒಂದನ್ನು ಆರಿಸಬೇಕಾದಾಗ ಅದು ಎಷ್ಟು ಮಾಡಬಲ್ಲದೆಂದು ಕೇಳುವುದು ಎಲ್ಲರಿಗೂ ಬರುತ್ತದೆ. ಅದು ಏನನ್ನು ಕೇಳಿಸಿಕೊಂಡು ಮಾಡುತ್ತದೆ, ಅದಕ್ಕೆ ಸಾಕ್ಷಿ ಹೇಳುವವರು ಯಾರು ಎಂದು ಕೇಳುವುದನ್ನು ಮಾತ್ರ ಕಲಿಯಬೇಕಾಗಿದೆ. ಯಾದವಗಿರಿಯ ಕಾರ್ಖಾನೆಯಿಂದ ಬಂದ ಗಾಡಿಗಳು ಈಗಲೂ ಮೈಸೂರಿನ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಓಡಾಡುತ್ತವೆ. ಅವುಗಳನ್ನು ಹದದಲ್ಲಿಟ್ಟಿರುವ ಮುದುಕರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಪುಳಿಯನ್ನು ಕೈಗೆತ್ತಿಕೊಳ್ಳುವ ಮೊದಲು ಅವರು ಗಾಡಿಯನ್ನು ಶುರುಮಾಡಿ, ತಲೆ ಬಾಗಿಸಿ, ಒಂದು ನಿಮಿಷ ಸುಮ್ಮನೆ ನಿಲ್ಲುತ್ತಾರೆ.